ತಂದೆಯ ಒಂದು ಮಾತಿಗೆ ಮೂಕವಾದ ಚಿತ್ರ

1927ರ ಅಕ್ಟೋಬರ್ 6ರಂದು ನ್ಯೂಯಾರ್ಕ್ ನಗರದ ವಾರ್ನರ್ ಚಿತ್ರಮಂದಿರದಲ್ಲಿ ‘ದಿ ಜಾಝ್ ಸಿಂಗರ್’ ಮೊದಲ ಬಾರಿಗೆ ಪ್ರದರ್ಶನಗೊಂಡಿತು. ‘ಜಗತ್ತಿನ ಮೊದಲ ವಾಕ್ಚಿತ್ರ ಯಾವುದು?’ ಎಂಬ ರಸಪ್ರಶ್ನೆಗೆ ಮಕ್ಕಳು ಕಂಠಪಾಠ ಮಾಡಿ ಒಪ್ಪಿಸುವ ಉತ್ತರ ಈ ಚಿತ್ರದ ಹೆಸರೇ. ಆದರೆ ಆ ಉತ್ತರ ಪೂರ್ತಿ ಸರಿಯಲ್ಲ. ಸುಮಾರು 89 ನಿಮಿಷಗಳ ಈ ಚಿತ್ರದಲ್ಲಿ ಪಾತ್ರಗಳು ಬಾಯಿಬಿಟ್ಟು ಆಡಿದ ಮಾತು ಕೇಳಿಸುವುದು ಹೆಚ್ಚೆಂದರೆ ಎರಡು ನಿಮಿಷ. ಹಾಡುಗಳನ್ನು ಬಿಟ್ಟರೆ ಉಳಿದುದೆಲ್ಲ ಮೂಕಿ ಚಿತ್ರಗಳ ರೀತಿಯದೇ: ತುಟಿಗಳು ಅಲುಗುತ್ತವೆ, ಹಿನ್ನೆಲೆಯಲ್ಲಿ ವಾದ್ಯಸಂಗೀತ ಸಾಗುತ್ತದೆ, ಸಂಭಾಷಣೆ ಬಿಳಿ ಅಕ್ಷರಗಳ ಫಲಕವಾಗಿ ತೆರೆಯ ಮೇಲೆ ಬಂದು ಹೋಗುತ್ತದೆ. ಒಂದು ಕಾಲು ಹಳೆಯ ಹೊಸ್ತಿಲ ಒಳಗೆ, ಇನ್ನೊಂದು ಕಾಲು ಅದರಾಚೆಗೆ ಇಟ್ಟು ನಿಂತ ಚಿತ್ರವಿದು.

ಹಾಗೆ ಹೊಸ್ತಿಲ ಮೇಲೆ ನಿಂತದ್ದು ತಂತ್ರ ಮಾತ್ರವಲ್ಲ, ಕಥೆಯೂ ಅಲ್ಲಿಯೇ ನಿಂತಿದೆ. ಪರನಾಡಿನಲ್ಲಿ ನೆಲೆಸಿದ ಒಂದು ಸಣ್ಣ ಸಮುದಾಯ, ಅದು ಜತನದಿಂದ ಕಾಪಾಡಿಕೊಂಡು ಬಂದ ಹಾಡು, ಬೀದಿಯಲ್ಲಿ ಕೇಳಿಬರುವ ಹೊಸ ಹಾಡು, ಇವೆರಡರ ನಡುವೆ ಸಿಕ್ಕ ಒಬ್ಬ ಹುಡುಗ — ಕಥೆಯ ಸಾರ ಇಷ್ಟೇ. ಮನೆಯೊಳಗೆ ಒಂದು ನುಡಿ, ಹೊರಗೆ ಇನ್ನೊಂದು ನುಡಿ ಎಂಬ ಬಾಳನ್ನು ಬಲ್ಲವರಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ನ್ಯೂಯಾರ್ಕಿನ ಲೋಯರ್ ಈಸ್ಟ್ ಸೈಡ್ ಎಂಬ ಕಿಕ್ಕಿರಿದ ಯಹೂದಿ ಕೇರಿಯಲ್ಲಿ ರಬಿನೋವಿಟ್ಜ್ ಎಂಬ ಕ್ಯಾಂಟರ್ ಇದ್ದಾನೆ. ಕ್ಯಾಂಟರ್ ಎಂದರೆ ಯಹೂದಿಯರ ಪ್ರಾರ್ಥನಾ ಮಂದಿರವಾದ ಸಿನಗಾಗಿನಲ್ಲಿ ಸಮಸ್ತರ ಪರವಾಗಿ ಪ್ರಾರ್ಥನೆಯನ್ನು ಹಾಡುವವನು. ಆ ಮನೆತನದಲ್ಲಿ ಐದು ತಲೆಮಾರುಗಳಿಂದ ಈ ಕಾಯಕ ನಡೆದುಬಂದಿದೆ. ಮಗ ಜೇಕಿಗೆ ಹದಿಮೂರು ವರ್ಷ. ಅವನ ಕಂಠ ಚೆನ್ನಾಗಿದೆ, ಪ್ರಾರ್ಥನೆಯ ಸ್ವರಗಳೆಲ್ಲ ಬಾಯಿಗೆ ಬಂದಿವೆ. ಆದರೆ ಮನಸ್ಸು ಓಡುವುದು ಬೀದಿಯ ಜಾಝ್ ಹಾಡುಗಳ ಕಡೆಗೆ. ಯೋಮ್ ಕಿಪ್ಪುರ್ ಎಂಬ ಪ್ರಾಯಶ್ಚಿತ್ತದ ಪರ್ವ ಯಹೂದಿ ವರ್ಷದಲ್ಲಿಯೇ ಅತ್ಯಂತ ಪವಿತ್ರವಾದದ್ದು. ಅದರ ಮುನ್ನಾ ಸಂಜೆ ಹಾಡುವ ಪ್ರಾರ್ಥನೆಗೆ ‘ಕೋಲ್ ನಿದ್ರೇ’ ಎಂದು ಹೆಸರು. ಕನ್ನಡದ ನಿದ್ರೆಗೂ ಇದಕ್ಕೂ ಸಂಬಂಧವಿಲ್ಲ. ‘ಎಲ್ಲ ಪ್ರತಿಜ್ಞೆಗಳು’ ಎಂದು ಅರ್ಥಕೊಡುವ ಅರಮಾಯಿಕ್ ಭಾಷೆಯ ಪದಗಳವು. ಆ ಸಂಜೆ ತಂದೆಯ ಪಕ್ಕದಲ್ಲಿ ನಿಂತು ಹಾಡಬೇಕಾದ ಹುಡುಗ ಮದ್ಯದಂಗಡಿಯೊಂದರಲ್ಲಿ ಜಾಝ್ ಹಾಡುತ್ತ ಸಿಕ್ಕಿಬೀಳುತ್ತಾನೆ. ತಂದೆ ಅವನನ್ನು ಮನೆಗೆ ಎಳೆದು ತಂದು ಥಳಿಸುತ್ತಾನೆ. ಹುಡುಗ ತಾಯಿಗೆ ಮುತ್ತಿಟ್ಟು ಮನೆ ಬಿಟ್ಟು ಹೋಗುತ್ತಾನೆ. ಸಿನಗಾಗಿಗೆ ಒಬ್ಬನೇ ಬಂದ ತಂದೆ, ತನಗೀಗ ಮಗನಿಲ್ಲವೆಂದು ಹೇಳಿ ಪ್ರಾರ್ಥನೆಗೆ ನಿಲ್ಲುತ್ತಾನೆ.

ವರ್ಷಗಳು ಉರುಳುತ್ತವೆ. ಜೇಕಿ ರಬಿನೋವಿಟ್ಜ್ ಎಂಬವನು ಜ್ಯಾಕ್ ರಾಬಿನ್ ಆಗಿದ್ದಾನೆ. ಸಭಿಕರ ನಾಲಗೆಗೆ ತೊಡಕಾಗದಿರಲೆಂದು ಹೆಸರಿನ ಮೂಲೆಗಳನ್ನು ಒರೆಸಿ ನುಣುಪು ಮಾಡಿಕೊಂಡಿದ್ದಾನೆ. ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಯಿಂದ ಕರೆ ಬಂದಾಗ, ತಂದೆಯ ಅರುವತ್ತನೆಯ ಹುಟ್ಟುಹಬ್ಬದಂದು ಆತ ಮನೆಗೆ ಮರಳುತ್ತಾನೆ. ಚಿತ್ರರಂಗದ ಚರಿತ್ರೆಯ ದೃಷ್ಟಿಯಿಂದಲೂ, ಮನುಷ್ಯಹೃದಯದ ದೃಷ್ಟಿಯಿಂದಲೂ ಈ ಚಿತ್ರದ ನಡುಮನೆ ಎನ್ನಬಹುದಾದ ದೃಶ್ಯ ಇಲ್ಲಿದೆ.

ತಂದೆ ಮನೆಯಲ್ಲಿಲ್ಲ. ಮಗ ಪಿಯಾನೋದ ಮುಂದೆ ಕುಳಿತು ತಾಯಿಗಾಗಿ ಇರ್ವಿಂಗ್ ಬರ್ಲಿನ್ ರಚಿಸಿದ ‘ಬ್ಲೂ ಸ್ಕೈಸ್’ ಎಂಬ ಹಾಡನ್ನು ಹಾಡುತ್ತಾನೆ. ಹಾಡಿನ ನಡುವೆ ನಿಲ್ಲಿಸಿ ಮಾತಿಗಿಳಿಯುತ್ತಾನೆ. ತಾನು ರಂಗದ ಮೇಲೆ ಗೆದ್ದರೆ ತಾಯಿಯನ್ನು ಒಳ್ಳೆಯ ಬಡಾವಣೆಯಲ್ಲಿ ಮನೆ ಮಾಡಿ ಇರಿಸುವೆನೆಂದೂ, ಗುಲಾಬಿ ಬಣ್ಣದ ಉಡುಪು ಕೊಡಿಸುವೆನೆಂದೂ, ಜಾತ್ರೆಯಂಥ ವಿಹಾರಸ್ಥಳಕ್ಕೆ ಕರೆದೊಯ್ಯುವೆನೆಂದೂ ಒಂದೇ ಸಮನೆ ಹರಟುತ್ತಾನೆ. ತಾಯಿ ನಾಚಿಕೊಂಡು, ತಡವರಿಸಿಕೊಂಡು, ಕೇಳಿಯೂ ಕೇಳಿಸದ ದನಿಯಲ್ಲಿ ಬೇಡವೆನ್ನುತ್ತಾಳೆ. ಬರೆದಿಟ್ಟುಕೊಂಡ ಸಂಭಾಷಣೆಯಂತೆ ಅದು ಕೇಳಿಸುವುದಿಲ್ಲ; ನಾಯಕನಟ ಆಲ್ ಜೋಲ್ಸನ್ ಆಗಿಂದಾಗ ಹೊಳೆದುದನ್ನು ಆಡುತ್ತ ಹೋದರೆಂದೇ ಹಲವರ ನಂಬಿಕೆ. ಬಹುದಿನಗಳ ಮೇಲೆ ಊರಿಗೆ ಬಂದ ಮಗ ಅಡುಗೆಮನೆಯಲ್ಲಿ ತಾಯಿಯ ಸುತ್ತ ಸುಳಿದಾಡುತ್ತ ಆಡುವ ಮಾತುಗಳಂತೆ ಅವು ಕೇಳಿಸುತ್ತವೆ.

ಮಗ ಮತ್ತೆ ಹಾಡತೊಡಗುತ್ತಾನೆ, ಈ ಬಾರಿ ಜಾಝ್ ಲಯದ ಕುಣಿತವನ್ನು ಸೇರಿಸಿ. ಅಷ್ಟರಲ್ಲಿ ಬಾಗಿಲು ತೆರೆದು ತಂದೆ ಒಳಬರುತ್ತಾನೆ. ಕಾಣುತ್ತಾನೆ, ಕೇಳುತ್ತಾನೆ, ‘ನಿಲ್ಲಿಸು’ ಎಂದು ಒಂದೇ ಮಾತು ಗುಡುಗುತ್ತಾನೆ. ಹಾಡು ನಿಲ್ಲುತ್ತದೆ. ಅದರೊಂದಿಗೆ ಚಿತ್ರದ ಮಾತೂ ನಿಂತುಹೋಗುತ್ತದೆ. ಮುಂದೆ ಮೂವರ ತುಟಿಗಳೂ ಅಲುಗುತ್ತವೆ, ಶಬ್ದ ಮಾತ್ರ ಇಲ್ಲ. ಬರಹದ ಫಲಕಗಳು ಮತ್ತೆ ಬರುತ್ತವೆ. ಅನಂತರ ಹಾಡುಗಳು ಕೇಳಿಸುತ್ತವೆಯೇ ಹೊರತು, ಹಾಗೆ ಮನೆಮಾತಿನಂತೆ ಹರಿದ ಸಂಭಾಷಣೆ ಚಿತ್ರ ಮುಗಿಯುವವರೆಗೂ ಇನ್ನೊಮ್ಮೆ ಇಲ್ಲ.

ಅಂದಿನ ತಂತ್ರದ ಮಿತಿಯಿಂದಾಗಿ ಹೀಗಾಯಿತೆಂದು ಹೇಳಬಹುದು. ಇಡೀ ಚಿತ್ರವನ್ನು ಮಾತನಾಡಿಸುವ ಉದ್ದೇಶ ವಾರ್ನರ್ ಸಂಸ್ಥೆಗೆ ಇರಲೂ ಇಲ್ಲ. ಆದರೆ ಕಾರಣ ಏನೇ ಇರಲಿ, ಪರಿಣಾಮ ಅಸಾಧಾರಣವಾದದ್ದು. ಮನೆಯ ಹಿರಿಯನೊಬ್ಬ ಸಿಟ್ಟಿನಿಂದ ಒಂದು ಮಾತಾಡಿದರೆ ಮನೆಯೊಳಗಿನ ಮಾತೆಲ್ಲ ಹೇಗೆ ಸತ್ತುಹೋಗುತ್ತದೆ ಎಂಬುದನ್ನು ಇದಕ್ಕಿಂತ ನಿಚ್ಚಳವಾಗಿ ತೋರಿಸಲು ಸಾಧ್ಯವಿಲ್ಲ. ಕಂಠವನ್ನೇ ಕಾಯಕ ಮಾಡಿಕೊಂಡ ತಂದೆಗೆ ಮಗನೊಡನೆ ಆಡಲು ಈ ಚಿತ್ರದಲ್ಲಿ ದೊರೆತ ದನಿಯುಳ್ಳ ಮಾತು ಅದೊಂದೇ. ಅದೂ ಬೇಡವೆಂಬ ಮಾತು.

ಈ ಅರ್ಧಮಾತಿನ ಚಿತ್ರ ತಯಾರಾದ ಬಗೆಯೂ ಮಕ್ಕಳಿಗೆ ಹೇಳಬಹುದಾದ ಸ್ವಾರಸ್ಯಕರ ಸಂಗತಿ. ಶಬ್ದವನ್ನು ಫಿಲ್ಮಿನ ಮೇಲೆಯೇ ಮುದ್ರಿಸುವ ಪದ್ಧತಿ ಇನ್ನೂ ಸರ್ವತ್ರ ಬಳಕೆಗೆ ಬಂದಿರಲಿಲ್ಲ. ವಾರ್ನರ್ ಸಂಸ್ಥೆ ಬಳಸಿದ ‘ವೈಟಾಫೋನ್’ ಎಂಬ ಏರ್ಪಾಟಿನಲ್ಲಿ ಚಿತ್ರ ಒಂದು ಕಡೆ, ಶಬ್ದ ಇನ್ನೊಂದು ಕಡೆ. ಶಬ್ದವನ್ನು 16 ಅಂಗುಲ ವ್ಯಾಸದ ಗ್ರಾಮಫೋನ್ ತಟ್ಟೆಯಲ್ಲಿ ಮುದ್ರಿಸಲಾಗುತ್ತಿತ್ತು. ಅದು ನಿಮಿಷಕ್ಕೆ ಮೂವತ್ತಮೂರೂ ಮೂರನೆಯ ಒಂದು ಸುತ್ತು ತಿರುಗುತ್ತಿತ್ತು. ಒಂದು ಸುರುಳಿ ಫಿಲ್ಮ್ ಓಡಿ ಮುಗಿಯಲು ಬೇಕಾದ ಸುಮಾರು 11 ನಿಮಿಷಗಳ ಶಬ್ದವನ್ನು ಒಂದೇ ತಟ್ಟೆ ಒದಗಿಸುತ್ತಿತ್ತು. ಸಾಮಾನ್ಯ ಗ್ರಾಮಫೋನಿನ ಮುಳ್ಳು ತಟ್ಟೆಯ ಅಂಚಿನಿಂದ ನಡುವಿಗೆ ಸಾಗಿದರೆ, ಇಲ್ಲಿ ಅದು ನಡುವಿನಿಂದ ಅಂಚಿಗೆ ಸಾಗುತ್ತಿತ್ತು. ಫಿಲ್ಮಿನಲ್ಲಿ ಗುರುತು ಹಾಕಿದ ಚೌಕಟ್ಟನ್ನು ಯಂತ್ರದ ಬಾಯಿಗೆ ಕೂಡಿಸಿ, ತಟ್ಟೆಯ ಮೇಲಿನ ಬಾಣದ ಗುರುತಿಗೆ ಸರಿಯಾಗಿ ಮುಳ್ಳನ್ನು ಇಟ್ಟು, ಎರಡನ್ನೂ ಒಟ್ಟಿಗೆ ಚಾಲೂ ಮಾಡಬೇಕು. ನಡುವೆ ಫಿಲ್ಮ್ ತುಂಡಾದರೆ, ಹರಿದುಹೋದಷ್ಟೇ ಚೌಕಟ್ಟುಗಳ ಖಾಲಿ ಫಿಲ್ಮನ್ನು ಅಂಟಿಸಬೇಕು. ಇಲ್ಲವಾದರೆ ಮುಂದಿನ ಮಾತೆಲ್ಲ ತುಟಿಗೆ ಹೊಂದದೆ ದಿಕ್ಕು ತಪ್ಪುತ್ತಿತ್ತು. ಸುಮಾರು ಇಪ್ಪತ್ತು ಬಾರಿ ನುಡಿಸಿದ ಮೇಲೆ ತಟ್ಟೆ ಸವೆದು ಕೆಲಸಕ್ಕೆ ಬಾರದಂತಾಗುತ್ತಿತ್ತು. ‘ದಿ ಜಾಝ್ ಸಿಂಗರ್’ ಚಿತ್ರದಲ್ಲಿ ಜೋಲ್ಸನ್ ಅವರ ಒಂದೊಂದು ಹಾಡಿಗೂ ಪ್ರತ್ಯೇಕ ಸುರುಳಿ, ಪ್ರತ್ಯೇಕ ತಟ್ಟೆ. ಒಟ್ಟು ಹದಿನೈದು ಸುರುಳಿಗಳನ್ನೂ ಹದಿನೈದು ತಟ್ಟೆಗಳನ್ನೂ ಪ್ರದರ್ಶಕ ಒಂದಾದ ಮೇಲೊಂದರಂತೆ ತಪ್ಪದೆ ಜೋಡಿಸಬೇಕಾಗಿತ್ತು.

ಈ ಏರ್ಪಾಟಿನ ಬೆನ್ನಿಗೆ ನಿಂತವರು ವಾರ್ನರ್ ಸೋದರರಲ್ಲಿ ಒಬ್ಬರಾದ ಸ್ಯಾಮ್ ವಾರ್ನರ್. 1926ರಲ್ಲಿಯೇ ಇದೇ ವೈಟಾಫೋನ್ ಬಳಸಿ ‘ಡಾನ್ ಹುವಾನ್’ ಎಂಬ ಚಿತ್ರಕ್ಕೆ ಸಂಗೀತವನ್ನೂ ಕೆಲವು ಸದ್ದುಗಳನ್ನೂ ಜೋಡಿಸಲಾಗಿತ್ತು; ಮಾತು ಮಾತ್ರ ಇರಲಿಲ್ಲ. ಮರುವರ್ಷ ಆಲನ್ ಕ್ರಾಸ್‌ಲ್ಯಾಂಡ್ ಅವರ ನಿರ್ದೇಶನದಲ್ಲಿ ‘ದಿ ಜಾಝ್ ಸಿಂಗರ್’ ಸಿದ್ಧವಾಯಿತು. ಅದರ ಪ್ರಥಮ ಪ್ರದರ್ಶನವನ್ನು ಯೋಮ್ ಕಿಪ್ಪುರ್ ಪರ್ವಕ್ಕೆ ಹೊಂದುವಂತೆ ಗೊತ್ತುಪಡಿಸಲಾಗಿತ್ತು. ಅದಕ್ಕೆ ಒಂದು ದಿನ ಮುಂಚೆ, ಅಕ್ಟೋಬರ್ 5ರಂದು ಸ್ಯಾಮ್ ತೀರಿಕೊಂಡರು. ಉಳಿದ ಮೂವರು ಸೋದರರೂ ಅಂದಿನ ಸಂಭ್ರಮದಲ್ಲಿ ಇರಲಿಲ್ಲ.

ಕಥೆಗೂ ಅದನ್ನು ತೆರೆಗೆ ತಂದವರ ಬದುಕಿಗೂ ನಡುವೆ ಇದ್ದ ಗೋಡೆ ಬಹಳ ತೆಳುವಾದದ್ದು. ವಾರ್ನರ್ ಸೋದರರು ಪೋಲೆಂಡಿನಿಂದ ವಲಸೆ ಬಂದ ಯಹೂದಿ ದಂಪತಿಯ ಮಕ್ಕಳು. ಆಲ್ ಜೋಲ್ಸನ್ ಹುಟ್ಟಿದ್ದು ಲಿಥುವೇನಿಯಾದ ಸಣ್ಣ ಊರೊಂದರಲ್ಲಿ, ಆಸಾ ಯೋಯೆಲ್ಸನ್ ಎಂಬ ಹೆಸರಿನಲ್ಲಿ. ಅವರ ತಂದೆ ವಾಷಿಂಗ್ಟನ್ ನಗರದಲ್ಲಿ ರಬ್ಬಿಯೂ ಕ್ಯಾಂಟರನೂ ಆಗಿದ್ದವರು. ತಾಯಿಯನ್ನು ಜೋಲ್ಸನ್ ಬಾಲ್ಯದಲ್ಲಿಯೇ ಕಳೆದುಕೊಂಡಿದ್ದರು. ಅವರ ರಂಗಪ್ರದರ್ಶನವನ್ನು 1917ರಲ್ಲಿ ಇಲಿನಾಯ್ ರಾಜ್ಯದಲ್ಲಿ ನೋಡಿದ ಸ್ಯಾಮ್ಸನ್ ರಾಫೆಲ್ಸನ್ ಎಂಬ ವಿದ್ಯಾರ್ಥಿಗೆ, ಆ ಜಾಝ್ ಹಾಡುಗಾರಿಕೆಯಲ್ಲಿ ಸಿನಗಾಗಿನ ಪ್ರಾರ್ಥನೆಯ ಆರ್ತತೆ ಕೇಳಿಸಿತು. ಆ ಅನುಭವವೇ ಮೊದಲು ಸಣ್ಣಕಥೆಯಾಗಿ, 1925ರಲ್ಲಿ ನಾಟಕವಾಗಿ, ಕೊನೆಗೆ ಈ ಚಿತ್ರವಾಗಿ ಬೆಳೆಯಿತು. ನಾಟಕದಲ್ಲಿ ನಾಯಕನಾಗಿದ್ದವರು ಜಾರ್ಜ್ ಜೆಸಲ್ ಎಂಬ ನಟ. ಅವರೊಡನೆ ಒಪ್ಪಂದ ಮುರಿದುಬಿದ್ದ ಮೇಲೆ ಪಾತ್ರ ಯಾರನ್ನು ನೋಡಿ ಹುಟ್ಟಿತ್ತೋ ಅವರ ಪಾಲಿಗೇ ಬಂದಿತು.

ಚಿತ್ರದಲ್ಲಿ ಇನ್ನೊಬ್ಬ ಗಾಯಕರು ತಮ್ಮ ನಿಜನಾಮದಲ್ಲಿಯೇ ಕಾಣಿಸಿಕೊಳ್ಳುತ್ತಾರೆ. ಅವರು ಯೋಸೆಲೆ ರೋಸೆನ್‌ಬ್ಲಾಟ್, ಆ ಕಾಲದ ಅತ್ಯಂತ ಪ್ರಸಿದ್ಧ ಕ್ಯಾಂಟರ್. ಷಿಕಾಗೋದ ಆಪೆರಾ ಸಂಸ್ಥೆ ಅಪಾರ ಸಂಭಾವನೆಯೊಡನೆ ಕರೆದಾಗ, ತಮ್ಮ ಧರ್ಮನಿಷ್ಠೆಗೆ ಅದು ಸಲ್ಲದೆಂದು ನಿರಾಕರಿಸಿದವರು. ಊರೂರು ತಿರುಗುತ್ತಿದ್ದ ಜ್ಯಾಕ್ ರಾಬಿನ್ ಒಮ್ಮೆ ಅವರ ಕಛೇರಿಗೆ ಹೋಗಿ ಕುಳಿತುಕೊಳ್ಳುತ್ತಾನೆ. ಕೇಳುತ್ತ ಕೇಳುತ್ತ ಅವನಿಗೆ ಹಾಡುವವರ ಜಾಗದಲ್ಲಿ ತಂದೆಯೇ ಕಾಣುತ್ತಾನೆ. ಮನೆ ಬಿಟ್ಟು ರಂಗಕ್ಕೆ ಹೋದ ಜೋಲ್ಸನ್, ರಂಗ ಕರೆದರೂ ಹೋಗದ ರೋಸೆನ್‌ಬ್ಲಾಟ್, ಹೀಗೆ ಎರಡು ದಾರಿಗಳನ್ನು ನಿಜಜೀವನದಲ್ಲಿ ಹಿಡಿದ ಇಬ್ಬರೂ ಒಂದೇ ಚಿತ್ರದಲ್ಲಿದ್ದಾರೆ. ಇಬ್ಬರಲ್ಲಿ ಯಾರು ಸರಿ ಎಂದು ಚಿತ್ರ ತೀರ್ಪು ಕೊಡುವುದಿಲ್ಲ.

ತೀರ್ಪಿನ ಗಳಿಗೆ ಜ್ಯಾಕ್‌ನಿಗೆ ಬರುತ್ತದೆ. ಅವನ ನಾಟಕದ ಮೊದಲ ಪ್ರದರ್ಶನದ ಸಂಜೆಯೇ ಯೋಮ್ ಕಿಪ್ಪುರ್‌ನ ಮುನ್ನಾ ಸಂಜೆ. ತಂದೆ ಹಾಸಿಗೆ ಹಿಡಿದಿದ್ದಾನೆ. ಕೋಲ್ ನಿದ್ರೇ ಹಾಡಲು ಸಿನಗಾಗಿನಲ್ಲಿ ಯಾರೂ ಇಲ್ಲ. ರಂಗಮಂದಿರಕ್ಕೆ ಹುಡುಕಿಕೊಂಡು ಬಂದ ತಾಯಿ ಪರದೆಯ ಮರೆಯಿಂದ ಮಗ ಹಾಡುವುದನ್ನು ನೋಡುತ್ತಾಳೆ, ಇವನು ಇನ್ನು ತನ್ನೊಬ್ಬಳ ಮಗನಲ್ಲ, ಲೋಕದ ಸ್ವತ್ತಾಗಿದ್ದಾನೆ ಎಂದು ಮನಗಾಣುತ್ತಾಳೆ, ಬಲವಂತ ಮಾಡದೆ ಹಿಂತಿರುಗುತ್ತಾಳೆ. ತಂದೆಯ ಕೋಪ ಮಾಡಲಾರದ ಕೆಲಸವನ್ನು ತಾಯಿಯ ಈ ಹಿಂತಿರುಗುವಿಕೆ ಮಾಡುತ್ತದೆ. ಮಗ ಮನೆಗೆ ಬರುತ್ತಾನೆ. ಪ್ರದರ್ಶನ ರದ್ದಾಗುತ್ತದೆ. ಪಕ್ಕದ ಸಿನಗಾಗಿನಿಂದ ತೆರೆದ ಕಿಟಕಿಯ ಮೂಲಕ ಮಗನ ಕಂಠದಲ್ಲಿ ತನ್ನ ಪ್ರಾರ್ಥನೆಯನ್ನು ಕೇಳುತ್ತ ತಂದೆ ಕಣ್ಣುಮುಚ್ಚುತ್ತಾನೆ. ನಾಟಕದಲ್ಲಿ ಮಗ ರಂಗಭೂಮಿಯನ್ನು ತೊರೆಯುತ್ತಿದ್ದ. ಚಿತ್ರದಲ್ಲಿ ಆತ ಮತ್ತೆ ರಂಗಕ್ಕೆ ಹೋಗುತ್ತಾನೆ, ಮುಂದಿನ ಸಾಲಿನಲ್ಲಿ ಕುಳಿತ ತಾಯಿಗಾಗಿ ಹಾಡುತ್ತಾನೆ. ಎರಡೂ ಕಡೆಯವರನ್ನು ಮೆಚ್ಚಿಸುವ ಜಾಣತನ ಈ ಮುಕ್ತಾಯದಲ್ಲಿ ಇಲ್ಲವೆನ್ನಲಾಗದು. ಆದರೂ ಒಂದು ಮಾತು ನಿಲ್ಲುತ್ತದೆ: ಹುಡುಗನಿಗೆ ತಂದೆಯ ಹಾಡು ಮರೆತಿರಲಿಲ್ಲ. ಮರೆತಿದ್ದರೆ, ಆ ಸಂಜೆ ಎಷ್ಟೇ ಇಚ್ಛೆಯಿದ್ದರೂ ಅವನಿಂದ ಹಾಡಲಾಗುತ್ತಿರಲಿಲ್ಲ.

ಈ ಚಿತ್ರದಲ್ಲಿ ಮುಚ್ಚಿಡಬಾರದ ಒಂದು ಕಲೆಯೂ ಇದೆ. ರಂಗದ ದೃಶ್ಯಗಳಲ್ಲಿ ಜೋಲ್ಸನ್ ಮುಖಕ್ಕೆ ಕಪ್ಪು ಬಣ್ಣ ಬಳಿದುಕೊಂಡು ಹಾಡುತ್ತಾರೆ. ಬಿಳಿಯ ನಟರು ಹೀಗೆ ವೇಷ ಹಾಕಿ ಕರಿಯ ಜನರ ನಡೆನುಡಿಯನ್ನು ಅಣಕಿಸುವ ರೂಢಿ ಅಮೆರಿಕದ ರಂಗಭೂಮಿಯಲ್ಲಿ ನೂರು ವರ್ಷಗಳಷ್ಟು ಹಳೆಯದಾಗಿತ್ತು. ಗುಲಾಮಗಿರಿಯಿಂದ ನೊಂದ ಒಂದು ಜನಾಂಗವನ್ನು ನಗೆಗೀಡು ಮಾಡುವ ಆ ರೂಢಿಯನ್ನು ಇಂದು ಯಾರೂ ಸಮರ್ಥಿಸರು. ಜಾಝ್ ಸಂಗೀತ ಹುಟ್ಟಿದ್ದೇ ಆ ಜನರ ನಡುವೆ; ಆದರೆ ಜಾಝ್ ಎಂಬ ಹೆಸರನ್ನೇ ಹೊತ್ತ ಚಿತ್ರದ ಕಥೆಯಲ್ಲಿ ಅವರಿಗೆ ಸ್ಥಾನವಿಲ್ಲ. ತನ್ನವರ ದನಿಗಾಗಿ ಅಷ್ಟು ಮಿಡಿಯುವ ಚಿತ್ರವೊಂದು ಇನ್ನೊಬ್ಬರ ದನಿಯನ್ನು ಬಣ್ಣದ ವೇಷವಾಗಿ ಧರಿಸಿತು. ಮಕ್ಕಳೊಡನೆ ಈ ಚಿತ್ರವನ್ನು ನೋಡುವವರು ಇದನ್ನು ಮೊದಲೇ ಹೇಳಿ ನೋಡುವುದು ಒಳ್ಳೆಯದು.

ಜನ ಮುಗಿಬಿದ್ದು ನೋಡಿದರು. 1929ರ ಮೇ 16ರಂದು ನಡೆದ ಮೊದಲ ಅಕಾಡೆಮಿ ಪ್ರಶಸ್ತಿ ಸಮಾರಂಭದಲ್ಲಿ ವಾರ್ನರ್ ಸಂಸ್ಥೆಗೆ ಈ ಚಿತ್ರಕ್ಕಾಗಿ ವಿಶೇಷ ಪುರಸ್ಕಾರ ಸಂದಿತು. 1928ರಲ್ಲಿಯೇ ಆದ್ಯಂತ ಮಾತನಾಡುವ ಚಿತ್ರವೂ ಬಂದಿತು. ಲಾಭದ ಲೆಕ್ಕದ ಜೊತೆಗೆ ನಷ್ಟದ ಲೆಕ್ಕವೂ ಇತ್ತು. ಚಿತ್ರಮಂದಿರಗಳಲ್ಲಿ ತೆರೆಯ ಮುಂದೆ ಕುಳಿತು ಪಿಯಾನೋ, ಪಿಟೀಲು ನುಡಿಸುತ್ತಿದ್ದ ಸಾವಿರಾರು ವಾದಕರ ಕೆಲಸ ಹೋಯಿತು. ಕಿವಿ ಕೇಳಿಸದವರಿಗೆ ಮೂಕಿ ಚಿತ್ರಗಳು ಎಲ್ಲರಂತೆ ಕುಳಿತು ನೋಡಬಹುದಾದ ಮನರಂಜನೆಯಾಗಿದ್ದವು. ಬರಹದ ಫಲಕಗಳು ಮಾಯವಾದಾಗ ಅವರ ಪಾಲಿಗೆ ಬಾಗಿಲು ಮುಚ್ಚಿತು. ಮೂಕಿ ಚಿತ್ರಕ್ಕೆ ಗಡಿಯೂ ಇರಲಿಲ್ಲ. ಫಲಕಗಳನ್ನು ಬದಲಿಸಿದರೆ ಅದು ಯಾವ ನಾಡಿನದಾದರೂ ಆಗುತ್ತಿತ್ತು. ಭಾರತದಲ್ಲಿಯೂ ಒಂದೇ ಫಲಕದ ಮೇಲೆ ಎರಡು ಮೂರು ಲಿಪಿಗಳು ಒಟ್ಟಿಗೆ ಇರುತ್ತಿದ್ದವು. ಬಾಯಿ ಬಂದ ಕೂಡಲೆ ಚಿತ್ರಕ್ಕೆ ಒಂದು ಭಾಷೆ ಬಂದಿತು, ಭಾಷೆಯೊಡನೆ ಎಲ್ಲೆಯೂ ಬಂದಿತು.

ಆದರೆ ಆ ಎಲ್ಲೆಯಿಂದಲೇ ಸಣ್ಣ ದೊಡ್ಡ ನುಡಿಗಳಿಗೆಲ್ಲ ತಮ್ಮದೇ ತೆರೆ ದೊರೆಯಿತೆಂಬುದೂ ನಿಜ. 1931ರ ಮಾರ್ಚ್ 14ರಂದು ಮುಂಬಯಿಯಲ್ಲಿ ‘ಆಲಂ ಆರಾ’ ಬಂದಿತು. ಅದೇ ವರ್ಷ ತಮಿಳು ಮಾತು ಕೇಳಿಸಿದ ‘ಕಾಳಿದಾಸ್’, ಮರುವರ್ಷ ಮರಾಠಿಯ ‘ಅಯೋಧ್ಯೇಚಾ ರಾಜಾ’, 1938ರಲ್ಲಿ ಮಲಯಾಳದ ‘ಬಾಲನ್’ ಬಂದವು. ಕನ್ನಡ ತೆರೆಯ ಮೇಲೆ ಮಾತನಾಡಿದ್ದು 1934ರಲ್ಲಿ, ‘ಸತಿ ಸುಲೋಚನಾ’ ಚಿತ್ರದಲ್ಲಿ. ವೈ. ವಿ. ರಾವ್ ನಿರ್ದೇಶಿಸಿದ, ಸುಬ್ಬಯ್ಯ ನಾಯ್ಡು ಮತ್ತು ತ್ರಿಪುರಾಂಬಾ ನಟಿಸಿದ ಆ ಚಿತ್ರದ ಚಿತ್ರೀಕರಣ ನಡೆದದ್ದು ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಕನ್ನಡದ ಮೊದಲ ವಾಕ್ಚಿತ್ರ ಇಂದಿನ ಕರ್ನಾಟಕದ ಗಡಿಯಾಚೆಗೆ ತಯಾರಾಯಿತು ಎಂಬುದನ್ನು ಗಡಿಯಾಚೆಯ ಕನ್ನಡ ಶಾಲೆಗಳ ಮಕ್ಕಳು ಅಭಿಮಾನದಿಂದ ನೆನೆಯಬಹುದು. ಅದರ ಪ್ರತಿ ಇಂದು ಎಲ್ಲಿಯೂ ಉಳಿದಿಲ್ಲ; ಆ ಮೊದಲ ಕನ್ನಡ ಮಾತುಗಳನ್ನು ಇನ್ನು ಯಾರೂ ಕೇಳುವಂತಿಲ್ಲ.

‘ದಿ ಜಾಝ್ ಸಿಂಗರ್’ ಉಳಿದಿದೆ. 1996ರಲ್ಲಿ ಅಮೆರಿಕ ಅದನ್ನು ಸಂರಕ್ಷಿಸಬೇಕಾದ ರಾಷ್ಟ್ರೀಯ ಚಿತ್ರಗಳ ಪಟ್ಟಿಗೆ ಸೇರಿಸಿತು. 2023ರ ಜನವರಿಯಿಂದ ಅಲ್ಲಿ ಅದರ ಹಕ್ಕುಸ್ವಾಮ್ಯವೂ ಮುಗಿದು ಅದು ಸಾರ್ವಜನಿಕ ಸ್ವತ್ತಾಗಿದೆ. ಪ್ರೌಢಶಾಲೆಯ ಮಕ್ಕಳಿರುವ ಮನೆಗಳಲ್ಲಿ ಹಿರಿಯರೂ ಕಿರಿಯರೂ ಕೂಡಿ ನೋಡಬಹುದಾದ ಚಿತ್ರವಿದು. ನೋಡುವಾಗ ಹಿರಿಯರು ಗಮನಿಸಬೇಕಾದ ದೃಶ್ಯ ಪಿಯಾನೋದ ಬಳಿಯದು. ಆ ತಂದೆ ಕೆಟ್ಟವನಲ್ಲ. ಐದು ತಲೆಮಾರುಗಳ ಹಾಡು ತನ್ನೊಂದಿಗೆ ಮುಗಿದೀತೆಂಬ ಅಂಜಿಕೆ ಅವನದು. ಆ ಅಂಜಿಕೆ ಸುಳ್ಳೂ ಅಲ್ಲ. ಆದರೆ ಅವನು ಬಾಗಿಲು ತೆರೆದು ಬಂದ ಆ ಗಳಿಗೆಯಲ್ಲಿ ‘ನಿಲ್ಲಿಸು’ ಎನ್ನದೆ, ಒಂದು ಕ್ಷಣ ಹೊಸ್ತಿಲಲ್ಲಿ ನಿಂತು ಮಗನ ಹಾಡನ್ನು ಕೊನೆಯವರೆಗೆ ಕೇಳಿದ್ದರೆ, ಅವನು ಕೋಲ್ ನಿದ್ರೇ ಕೇಳಲು ಸಾವಿನ ಹಾಸಿಗೆಯವರೆಗೆ ಕಾಯಬೇಕಾಗಿರಲಿಲ್ಲವೇನೋ. ಕಿರಿಯರು ಗಮನಿಸಬೇಕಾದದ್ದು ಕಿಟಕಿಯ ದೃಶ್ಯ. ಆ ಹಾಡನ್ನು ಜೇಕಿ ಕಲಿತದ್ದು ಹದಿಮೂರು ವರ್ಷ ತುಂಬುವುದರೊಳಗೆ, ತಂದೆಯ ಪಕ್ಕದಲ್ಲಿ ನಿಂತು. ಅದು ಕೆಲಸಕ್ಕೆ ಬಂದದ್ದು ಎಷ್ಟೋ ವರ್ಷಗಳ ಮೇಲೆ, ಒಂದೇ ಒಂದು ಸಂಜೆ.